ಮನೆಯಲ್ಲೇ ಕಟ್ಟುವ ಡಯೋಡ್ ಕಂಪ್ರೆಸರ್: ಎಲ್ಲಾ ನಡೆಯುವುದು ಕೆಲವೇ ಮಿಲಿವೋಲ್ಟ್‌ಗಳ ಒಳಗೆ

ಹಾಡುವವರು ಒಂದು ಸಾಲನ್ನು ಪಿಸುಗುಟ್ಟುತ್ತಾರೆ, ಮುಂದಿನ ಸಾಲನ್ನು ಗಂಟಲು ಬಿಚ್ಚಿ ಹಾಡುತ್ತಾರೆ. ಪಿಸುಮಾತು ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಸಾಲು ಕಿವಿಗೆ ಬಡಿಯುತ್ತದೆ. ಜೋರಾದ ಸಾಲಿಗೆ ಹೊಂದಿಸಿದರೆ ಪಿಸುಮಾತು ಮುಳುಗಿಹೋಗುತ್ತದೆ. ಆಡಿಯೋ ಕಂಪ್ರೆಸರ್ ಇಲ್ಲಿ ವಾಲ್ಯೂಮ್ ನಾಬ್ ಹಿಡಿದು ಕೂತವರ ಕೆಲಸ ಮಾಡುತ್ತದೆ. ಸಿಗ್ನಲ್ ಜೋರಾದಾಗ ತಾನಾಗಿಯೇ ಇಳಿಸುತ್ತದೆ, ಮೆತ್ತಗಾದಾಗ ಬಿಟ್ಟುಬಿಡುತ್ತದೆ. ಅದೂ ಕೆಲವು ಮಿಲಿಸೆಕೆಂಡ್‌ಗಳಲ್ಲಿ.

ಇದನ್ನು ಕಟ್ಟಲು ಬೇಕಾದ ಮುಖ್ಯ ವಸ್ತು ಒಂದೇ: ಇನ್ನೊಂದು ವೋಲ್ಟೇಜ್ ಅಥವಾ ಕರೆಂಟ್ ಹೇಳಿದಂತೆ ಬದಲಾಗುವ ರೆಸಿಸ್ಟೆನ್ಸ್. ಅದನ್ನು ಪಡೆಯಲು ಹಲವು ದಾರಿಗಳಿವೆ. ಹಳೆಯ ವಾಲ್ವ್ ಕಂಪ್ರೆಸರ್‌ಗಳು ವಾಲ್ವಿನ ಗೇನನ್ನೇ, ಅಂದ್ರೆ ಅದು ಸಿಗ್ನಲ್ಲನ್ನು ಎಷ್ಟು ಪಟ್ಟು ಏರಿಸುತ್ತದೆ ಅನ್ನುವುದನ್ನೇ, ಬದಲಿಸುತ್ತಿದ್ದವು. ಎಲ್‌ಎ-2ಎ ಅನ್ನುವ ಕಂಪ್ರೆಸರ್ ಬೆಳಕನ್ನೂ ಬೆಳಕು ಗ್ರಹಿಸುವ ರೆಸಿಸ್ಟರನ್ನೂ ಬಳಸಿತು. 1176 ಅನ್ನುವ ಇನ್ನೊಂದು ಕಂಪ್ರೆಸರ್ ಎಫ್‌ಇಟಿ ಬಗೆಯ ಟ್ರಾನ್ಸಿಸ್ಟರ್ ಬಳಸಿತು. ನೀವ್ ಕಂಪನಿಯ 2254 ಮತ್ತು ಅದರ ನಂತರದ 33609 ಡಯೋಡ್‌ಗಳನ್ನು ಬಳಸಿದವು. ಅಬ್ಬೆ ರೋಡ್ ಸ್ಟುಡಿಯೋದಲ್ಲಿದ್ದ ಇಎಂಐ ಟಿಜಿ12345 ಕನ್ಸೋಲಿನ ಒಳಗಿನ ಲಿಮಿಟರ್‌ಗಳಲ್ಲೂ ಗೇನ್ ಇಳಿಸುತ್ತಿದ್ದುದು ಡಯೋಡ್‌ಗಳೇ.

ಮನೆಯಲ್ಲಿ ಕಟ್ಟುವವರಿಗೆ ಡಯೋಡ್ ದಾರಿಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಭಾಗಗಳು ಎಲ್ಲೆಡೆ ಸಿಗುತ್ತವೆ ಅನ್ನುವುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ. ಡಯೋಡಿನ ನಡವಳಿಕೆಯನ್ನು ಒಂದೇ ಸರಳ ಸೂತ್ರ ಹೇಳಿಬಿಡುತ್ತದೆ. ಹಾಗಾಗಿ ಕಟ್ಟುವ ಮೊದಲೇ ಫಲಿತಾಂಶ ಲೆಕ್ಕ ಹಾಕಬಹುದು, ಕಟ್ಟಿದ ಮೇಲೆ ಅಳೆದು ತಾಳೆ ನೋಡಬಹುದು. ಲೆಕ್ಕಕ್ಕೂ ಅಳತೆಗೂ ಹೊಂದಲಿಲ್ಲ ಅಂದ್ರೆ ತಪ್ಪು ಎಲ್ಲಿದೆ ಅಂತ ಹುಡುಕುವುದಕ್ಕೂ ದಾರಿ ಇರುತ್ತದೆ.

ಡಯೋಡ್ ಹೇಗೆ ರೆಸಿಸ್ಟರ್ ಆಗುತ್ತದೆ?

ಡಯೋಡ್ ಅಂದ್ರೆ ಒಂದೇ ದಿಕ್ಕಿನಲ್ಲಿ ಕರೆಂಟ್ ಬಿಡುವ ವಸ್ತು ಅಂತ ಎಲ್ಲರೂ ಕಲಿತಿರುತ್ತೇವೆ. ಸಿಲಿಕಾನ್ ಡಯೋಡ್ 0.6 ವೋಲ್ಟ್ ಹತ್ತಿರ ತೆರೆದುಕೊಳ್ಳುತ್ತದೆ ಅಂತಲೂ ಗೊತ್ತು. ಆದರೆ ಅದು ಸ್ವಿಚ್ ಥರ ಥಟ್ಟನೆ ತೆರೆಯುವುದಿಲ್ಲ. ವೋಲ್ಟೇಜ್ ಸ್ವಲ್ಪ ಸ್ವಲ್ಪ ಏರಿದಂತೆ ಕರೆಂಟ್ ಗುಣಿಸಿಕೊಂಡು ಏರುತ್ತದೆ. ಸಾಮಾನ್ಯ 1ಎನ್4148 ಡಯೋಡಿನಲ್ಲಿ ವೋಲ್ಟೇಜ್ ಸುಮಾರು 110 ಮಿಲಿವೋಲ್ಟ್ ಏರಿದರೆ ಕರೆಂಟ್ ಹತ್ತು ಪಟ್ಟಾಗುತ್ತದೆ.

ಈಗ ಡಯೋಡಿನ ಮೂಲಕ ಒಂದು ಸ್ಥಿರ ಡಿಸಿ ಕರೆಂಟ್ ಹರಿಸಿ. ಅದರ ಮೇಲೆ ತೀರಾ ಸಣ್ಣ ಆಡಿಯೋ ಸಿಗ್ನಲ್ ಕೂರಿಸಿ. ಆ ಸಣ್ಣ ಸಿಗ್ನಲ್ಲಿಗೆ ಡಯೋಡ್ ಬರೀ ಒಂದು ರೆಸಿಸ್ಟರ್ ಥರ ಕಾಣುತ್ತದೆ. ವಕ್ರರೇಖೆಯ ಒಂದು ಚಿಕ್ಕ ತುಂಡನ್ನು ಹತ್ತಿರದಿಂದ ನೋಡಿದರೆ ನೇರ ಗೆರೆಯೇ ಅಲ್ವಾ? ಆ ಗೆರೆ ಎಷ್ಟು ಕಡಿದಾಗಿದೆ ಅನ್ನುವುದು ಡಿಸಿ ಕರೆಂಟನ್ನು ಅವಲಂಬಿಸುತ್ತದೆ.

ಸೂತ್ರ ಇಷ್ಟೇ: ಡಯೋಡಿನ ಸಣ್ಣ ಸಿಗ್ನಲ್ ರೆಸಿಸ್ಟೆನ್ಸ್ ಅಂದ್ರೆ ಒಂದು ನಿಶ್ಚಿತ ವೋಲ್ಟೇಜನ್ನು ಡಿಸಿ ಕರೆಂಟಿನಿಂದ ಭಾಗಿಸಿದರೆ ಬರುವ ಸಂಖ್ಯೆ. ಕೋಣೆಯ ಉಷ್ಣತೆಯಲ್ಲಿ ಆ ನಿಶ್ಚಿತ ವೋಲ್ಟೇಜ್ ಆದರ್ಶ ಡಯೋಡಿಗೆ ಸುಮಾರು 26 ಮಿಲಿವೋಲ್ಟ್. 1ಎನ್4148 ಆದರ್ಶ ಡಯೋಡ್ ಅಲ್ಲ, ಅದಕ್ಕೆ ಸುಮಾರು 1.8 ಪಟ್ಟು, ಅಂದ್ರೆ 47 ಮಿಲಿವೋಲ್ಟ್ ಅಂತ ಇಟ್ಟುಕೊಳ್ಳಬಹುದು. 1 ಮೈಕ್ರೋಆಂಪಿಯರ್ ಕರೆಂಟಿನಲ್ಲಿ ಈ ಡಯೋಡ್ 47 ಕಿಲೋಓಮ್. 10 ಮೈಕ್ರೋಆಂಪಿಯರಿಗೆ 4.7 ಕಿಲೋಓಮ್. 100 ಮೈಕ್ರೋಆಂಪಿಯರಿಗೆ 470 ಓಮ್. ಕರೆಂಟ್ ಹತ್ತು ಪಟ್ಟಾದರೆ ರೆಸಿಸ್ಟೆನ್ಸ್ ಹತ್ತರಲ್ಲೊಂದು ಪಾಲು. ಇಷ್ಟು ದೊಡ್ಡ ಹರವಿನಲ್ಲಿ ಇಷ್ಟು ಶಿಸ್ತಾಗಿ ಬದಲಾಗುವ ಬಿಡಿಭಾಗಗಳು ಕಡಿಮೆ.

ಎಷ್ಟು ಸಣ್ಣ ಸಿಗ್ನಲ್ ಅಂದ್ರೆ ಸಣ್ಣದು?

ಇಡೀ ವಿನ್ಯಾಸ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಬೇರೆಲ್ಲಾ ಭಾಗಗಳು ಇದಕ್ಕೆ ಕೊಟ್ಟ ಉತ್ತರಗಳಷ್ಟೇ.

ಸಿಗ್ನಲ್ ದೊಡ್ಡದಾದರೆ ಡಯೋಡಿನ ವಕ್ರತೆ ಬಯಲಾಗುತ್ತದೆ. ಒಂದೇ ಡಯೋಡಿನ ಬದಲು ಸಮತೋಲನದಲ್ಲಿರುವ ಡಯೋಡ್‌ಗಳನ್ನು ಬಳಸಿದರೆ ಎರಡನೇ, ನಾಲ್ಕನೇ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ನಾಲ್ಕು ಪಟ್ಟು ಫ್ರೀಕ್ವೆನ್ಸಿಯಲ್ಲಿ ಹುಟ್ಟುವ ಹೆಚ್ಚುವರಿ ಸ್ವರಗಳು) ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಆದರೆ ಮೂರನೇ ಹಾರ್ಮೋನಿಕ್ ಉಳಿಯುತ್ತದೆ. ಅದನ್ನು ಲೆಕ್ಕ ಹಾಕುವುದು ಸುಲಭ: ಡಯೋಡಿನ ಮೇಲಿನ ಸಿಗ್ನಲ್ಲಿನ ಪೀಕ್ ಮಿಲಿವೋಲ್ಟನ್ನು 47ರಿಂದ ಭಾಗಿಸಿ, ವರ್ಗ ಮಾಡಿ, 12ರಿಂದ ಭಾಗಿಸಿ. ಆಳವಾದ ಕಂಪ್ರೆಷನ್ ನಡೆಯುವಾಗ ಮೂರನೇ ಹಾರ್ಮೋನಿಕ್ ಸುಮಾರು ಅಷ್ಟಿರುತ್ತದೆ. ಪ್ರತಿ ಡಯೋಡಿನ ಮೇಲೆ 5 ಮಿಲಿವೋಲ್ಟ್ ಪೀಕ್ ಇದ್ದರೆ 0.1 ಪರ್ಸೆಂಟ್. 10 ಇದ್ದರೆ 0.4 ಪರ್ಸೆಂಟ್. 20 ಇದ್ದರೆ 1.5. 50ಕ್ಕೆ ಹೋದರೆ 9 ಪರ್ಸೆಂಟ್ ದಾಟುತ್ತದೆ, ಆಗ ಅದು ಕಂಪ್ರೆಸರ್ ಅನ್ನುವುದಕ್ಕಿಂತ ಗಿಟಾರಿನ ದನಿ ಒಡೆಯುವ ಫಝ್ ಪೆಡಲ್ ಅನ್ನಬಹುದು.

ಹಾಗಾದರೆ ಸಿಗ್ನಲ್ಲನ್ನು 1 ಮಿಲಿವೋಲ್ಟಿಗೆ ಇಳಿಸಿಬಿಟ್ಟರೆ ಆಯ್ತಲ್ಲ? ಆಗುವುದಿಲ್ಲ. ಇಳಿಸಿದ್ದನ್ನು ಮತ್ತೆ ಏರಿಸಬೇಕು, ಏರಿಸುವಾಗ ನಾಯ್ಸ್ ಕೂಡ ಏರುತ್ತದೆ. ಸುಮ್ನೆ ಟೇಬಲ್ ಮೇಲೆ ಬಿದ್ದಿರುವ 20 ಕಿಲೋಓಮ್ ರೆಸಿಸ್ಟರಿನಲ್ಲೂ, 20 ಕಿಲೋಹರ್ಟ್ಸ್ ಅಗಲದಲ್ಲಿ ಅಳೆದರೆ, ಸುಮಾರು 2.6 ಮೈಕ್ರೋವೋಲ್ಟ್ ನಾಯ್ಸ್ ಇರುತ್ತದೆ. ಅದು ಉಷ್ಣತೆಯಿಂದ ಹುಟ್ಟುವಂಥದ್ದು, ತಪ್ಪಿಸಲಾಗದು. ಸಿಗ್ನಲ್ಲನ್ನು ಅರ್ಧ ಮಾಡಿದರೆ ಡಿಸ್ಟಾರ್ಷನ್ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ನಾಯ್ಸ್ ಸಿಗ್ನಲ್ಲಿಗೆ 6 ಡಿಬಿಯಷ್ಟು (ಡೆಸಿಬೆಲ್) ಹತ್ತಿರವಾಗುತ್ತದೆ. ಡಯೋಡ್ ಕಂಪ್ರೆಸರ್ ಕಟ್ಟುವವರು ಮೊದಲು ಮಾಡಬೇಕಾದ ತೀರ್ಮಾನ ಇದೇ. ನನ್ನ ಆಯ್ಕೆ ಪ್ರತಿ ಡಯೋಡಿಗೆ 10 ಮಿಲಿವೋಲ್ಟ್ ಪೀಕ್ ಆಸುಪಾಸು. ಧ್ವನಿಗೆ, ಡ್ರಮ್ಮಿಗೆ 0.4 ಪರ್ಸೆಂಟ್ ಮೂರನೇ ಹಾರ್ಮೋನಿಕ್ ಕೆಟ್ಟದಾಗಿ ಕೇಳಿಸುವುದಿಲ್ಲ. ಈ ಬಗೆಯ ಕಂಪ್ರೆಸರ್‌ಗಳಲ್ಲಿ ಜನ ಇಷ್ಟಪಡುವ ದಪ್ಪನೆಯ ದನಿಯಲ್ಲಿ ಅದರದ್ದೂ ಪಾಲಿದೆ.

ಕಟ್ಟುವುದು

ನಾಲ್ಕು ಡಯೋಡ್‌ಗಳನ್ನು ವಜ್ರದ ಆಕಾರದಲ್ಲಿ ಜೋಡಿಸಿ. ನಾಲ್ಕೂ ಮೇಲಿನಿಂದ ಕೆಳಕ್ಕೆ ಕರೆಂಟ್ ಹರಿಯುವಂತೆ ಇರಲಿ. ಮೇಲಿನ ಮೂಲೆಯಿಂದ ಎಡಕ್ಕೊಂದು, ಬಲಕ್ಕೊಂದು. ಎಡದಿಂದ ಕೆಳಕ್ಕೊಂದು, ಬಲದಿಂದ ಕೆಳಕ್ಕೊಂದು. ಪವರ್ ಸಪ್ಲೈಯ ರೆಕ್ಟಿಫೈಯರ್ ಬ್ರಿಡ್ಜ್ ಕೂಡ ಇದೇ ಜೋಡಣೆ, ಕೆಲಸ ಮಾತ್ರ ಬೇರೆ. ಇಲ್ಲಿ ಕಂಟ್ರೋಲ್ ಕರೆಂಟ್ ಮೇಲಿನ ಮೂಲೆಯಲ್ಲಿ ಒಳಹೊಕ್ಕು ಕೆಳಗಿನ ಮೂಲೆಯಲ್ಲಿ ಹೊರಬರುತ್ತದೆ. ಆಡಿಯೋ ಎಡ ಮತ್ತು ಬಲ ಮೂಲೆಗಳ ನಡುವೆ ಇರುತ್ತದೆ.

ಈ ಜೋಡಣೆಯ ಜಾಣತನ ನೋಡಿ. ಎಡ ಬಲ ಎರಡೂ ಒಂದೇ ಥರ ಇದ್ದರೆ ಕಂಟ್ರೋಲ್ ಕರೆಂಟ್ ಎಷ್ಟೇ ಏರಿಳಿದರೂ ಎರಡೂ ಮೂಲೆಗಳ ವೋಲ್ಟೇಜ್ ಒಟ್ಟಿಗೇ ಅಲುಗಾಡುತ್ತದೆ. ಅವುಗಳ ನಡುವಿನ ವ್ಯತ್ಯಾಸ ಸೊನ್ನೆ. ನಾವು ಕೇಳುವುದು ಆ ವ್ಯತ್ಯಾಸವನ್ನು ಮಾತ್ರ. ಈ ಸಮತೋಲನ ಇಲ್ಲದಿದ್ದರೆ ಕಂಪ್ರೆಸರ್ ಪ್ರತಿಸಲ ಹಿಡಿದಾಗಲೂ ಸ್ಪೀಕರಿನಲ್ಲಿ ದಬ್ ಅಂತ ಒಂದು ಸದ್ದು ಬರುತ್ತಿತ್ತು. ಜೊತೆಗೆ, ಆಡಿಯೋ ಕಣ್ಣಿಗೆ ಇಡೀ ಬ್ರಿಡ್ಜಿನ ರೆಸಿಸ್ಟೆನ್ಸ್ ಒಂದು ಡಯೋಡಿನ ರೆಸಿಸ್ಟೆನ್ಸಿಗೆ ಸಮ. ಲೆಕ್ಕ ಸುಲಭವಾಯ್ತು.

ಸಿಗ್ನಲ್ ಬ್ರಿಡ್ಜಿಗೆ ಹೋಗುವ ಮೊದಲು ಎರಡು ಕೆಲಸ ಆಗಬೇಕು. ಒಂದು ಆಪ್‌ಆಂಪ್ (ಸಿಗ್ನಲ್ ಏರಿಸುವ ಸಣ್ಣ ಐಸಿ) ಬಳಸಿ ಸಿಗ್ನಲ್ಲಿನ ತಲೆಕೆಳಗಾದ ಪ್ರತಿ ಮಾಡಿಕೊಳ್ಳಬೇಕು. ನಂತರ ನೇರ ಪ್ರತಿ, ತಲೆಕೆಳಗಾದ ಪ್ರತಿ ಎರಡನ್ನೂ 10 ಕಿಲೋಓಮ್ ಮತ್ತು 100 ಓಮ್ ಡಿವೈಡರ್ ಮೂಲಕ ನೂರರಲ್ಲೊಂದು ಪಾಲಿಗೆ ಇಳಿಸಬೇಕು. ಲೈನ್ ಲೆವೆಲ್ಲಿನ 0 ಡಿಬಿಯು ಅಂದ್ರೆ 0.775 ವೋಲ್ಟ್ ಆರ್‌ಎಂಎಸ್, ಪೀಕ್ ಸುಮಾರು 1.1 ವೋಲ್ಟ್. ನೂರರಲ್ಲೊಂದು ಪಾಲು 11 ಮಿಲಿವೋಲ್ಟ್. ನಮಗೆ ಬೇಕಾದದ್ದು ಅಷ್ಟೇ. ಅಲ್ಲಿಂದ ಪ್ರತಿ ಬದಿಗೂ ಒಂದೊಂದು 10 ಕಿಲೋಓಮ್ ರೆಸಿಸ್ಟರ್ ಹಾಕಿ ಬ್ರಿಡ್ಜಿನ ಎಡ ಬಲ ಮೂಲೆಗಳಿಗೆ ಸೇರಿಸಿ.

ಈಗ ಬ್ರಿಡ್ಜ್ ಎಷ್ಟು ಇಳಿಸುತ್ತದೆ ಅಂತ ಲೆಕ್ಕ ಹಾಕೋಣ. ದಾರಿಯಲ್ಲಿ ಒಟ್ಟು 20 ಕಿಲೋಓಮ್, ಆಮೇಲೆ ಬ್ರಿಡ್ಜ್. ಪ್ರತಿ ಡಯೋಡಿನಲ್ಲಿ 1 ಮೈಕ್ರೋಆಂಪಿಯರ್ ಇದ್ದರೆ ಸಿಗ್ನಲ್ ಸುಮಾರು 3 ಡಿಬಿ ಇಳಿಯುತ್ತದೆ. 10 ಇದ್ದರೆ 14 ಡಿಬಿ ಚಿಲ್ಲರೆ. 100 ಇದ್ದರೆ ಹತ್ತಿರಹತ್ತಿರ 33 ಡಿಬಿ. ಸಂಗೀತಕ್ಕೆ ಇಷ್ಟು ಇಳಿತ ಯಾವತ್ತೂ ಬೇಕಾಗುವುದಿಲ್ಲ. ದಿನನಿತ್ಯದ ಕೆಲಸವೆಲ್ಲಾ 1ರಿಂದ 10 ಮೈಕ್ರೋಆಂಪಿಯರ್ ನಡುವೆಯೇ ಮುಗಿಯುತ್ತದೆ.

ಬ್ರಿಡ್ಜಿನ ನಂತರ ವ್ಯತ್ಯಾಸವನ್ನು 50 ಪಟ್ಟು ಏರಿಸುವ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಬೇಕು. ಎರಡೂ ಮೂಲೆಗಳಿಗೆ ಬಫರ್ (ಕರೆಂಟ್ ಎಳೆಯದೆ ವೋಲ್ಟೇಜನ್ನು ಹಾಗೇ ದಾಟಿಸುವ ಹಂತ) ಇರುವ, ಮೂರು ಆಪ್‌ಆಂಪ್‌ಗಳ ಇನ್‌ಸ್ಟ್ರುಮೆಂಟೇಷನ್ ಜೋಡಣೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ಎನ್‌ಇ5532 ಬಳಸಿ. ಟಿಎಲ್072 ಹಾಕಿದರೂ ಕೆಲಸ ಮಾಡುತ್ತದೆ, ನಾಯ್ಸ್ ಮಾತ್ರ ಸುಮಾರು 3 ಡಿಬಿ ಜಾಸ್ತಿ. 5532 ಹಾಕಿದರೆ 0 ಡಿಬಿಯು ಸಿಗ್ನಲ್ಲಿಗೂ ನಾಯ್ಸಿಗೂ ನಡುವೆ 70 ಡಿಬಿಗಿಂತ ಸ್ವಲ್ಪ ಹೆಚ್ಚಿನ ಅಂತರ ಸಿಗಬೇಕು. ಔಟ್‌ಪುಟ್ಟಿನಲ್ಲಿ ಒಂದು ಕೆಪಾಸಿಟರ್ ಇಟ್ಟು ಡಿಸಿ ತಡೆಯಿರಿ.

ಇನ್ನು ಸೈಡ್‌ಚೈನ್, ಅಂದ್ರೆ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ನೋಡಿ ಡಯೋಡ್‌ಗಳಿಗೆ ಕರೆಂಟ್ ಕೊಡುವ ಭಾಗ. ಇದನ್ನು ಇನ್‌ಪುಟ್ಟಿನಿಂದಲೂ ತೆಗೆಯಬಹುದು, ಔಟ್‌ಪುಟ್ಟಿನಿಂದಲೂ ತೆಗೆಯಬಹುದು. ಡಯೋಡ್ ವಿನ್ಯಾಸಕ್ಕೆ ಔಟ್‌ಪುಟ್ಟೇ ಸರಿ. ಇನ್‌ಪುಟ್ ನೋಡಿಕೊಂಡು ಕರೆಂಟ್ ಕೊಡಬೇಕಾದರೆ ಡಯೋಡಿನ ನಿಯಮಕ್ಕೆ ತಕ್ಕ ಹಾಗೆ ಸರ್ಕ್ಯೂಟನ್ನು ನಿಖರವಾಗಿ ರೂಪಿಸಬೇಕು. ಔಟ್‌ಪುಟ್ ನೋಡಿಕೊಂಡರೆ ಲೂಪ್ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ, ಇದು ನನಗೆ ತುಂಬಾ ಇಷ್ಟ. ಔಟ್‌ಪುಟ್ ಅಂದ್ರೆ ಡಯೋಡ್ ಬ್ರಿಡ್ಜಿನ ಮೇಲಿನ ವೋಲ್ಟೇಜೇ, 50 ಪಟ್ಟು ಏರಿಸಿದ್ದು ಅಷ್ಟೇ. ಔಟ್‌ಪುಟ್ ಜಾಸ್ತಿ ಏರದಂತೆ ಲೂಪ್ ಹಿಡಿದಿಟ್ಟರೆ ಡಯೋಡ್ ಮೇಲಿನ ಮಿಲಿವೋಲ್ಟ್ ಕೂಡ ಜಾಸ್ತಿ ಏರುವುದಿಲ್ಲ. ಒಳಗೆ ಬರುವ ಸಿಗ್ನಲ್ ಎಷ್ಟೇ ಅಬ್ಬರಿಸಿದರೂ ಡಿಸ್ಟಾರ್ಷನ್ ಹತೋಟಿಯಲ್ಲಿರುತ್ತದೆ.

ಔಟ್‌ಪುಟ್ಟನ್ನು ಒಂದು ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಮೂಲಕ ಹಾಯಿಸಿ ಏರಿಸಿ, ಅಲೆಯ ನೆಗೆಟಿವ್ ಅರ್ಧವನ್ನೂ ಪಾಸಿಟಿವ್ ಮಾಡುವ, ಆಪ್‌ಆಂಪ್ ಇರುವ ಫುಲ್ ವೇವ್ ರೆಕ್ಟಿಫೈಯರಿಗೆ ಕೊಡಿ. ಬರೀ ಡಯೋಡ್ ರೆಕ್ಟಿಫೈಯರ್ ಹಾಕಿದರೆ 0.6 ವೋಲ್ಟ್ ಅಲ್ಲೇ ಹೋಗುತ್ತದೆ, 1 ವೋಲ್ಟಿನ ಸಿಗ್ನಲ್ಲಿಗೆ ಅದು ಭಾರೀ ನಷ್ಟ. ರೆಕ್ಟಿಫೈಯರಿನಿಂದ ಒಂದು ಡಯೋಡ್ ಮತ್ತು 4.7 ಕಿಲೋಓಮ್ ಮೂಲಕ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ತುಂಬಲಿ. ಅದು ಖಾಲಿಯಾಗಲು 220 ಕಿಲೋಓಮ್ ಇಡಿ. ತುಂಬುವ ಕಾಲಮಾನ 4.7 ಮಿಲಿಸೆಕೆಂಡ್, ಅದು ಅಟ್ಯಾಕ್, ಅಂದ್ರೆ ಕಂಪ್ರೆಸರ್ ಹಿಡಿಯುವ ವೇಗ. ಖಾಲಿಯಾಗುವ ಕಾಲಮಾನ 220 ಮಿಲಿಸೆಕೆಂಡ್, ಅದು ರಿಲೀಸ್, ಅಂದ್ರೆ ಬಿಡುವ ವೇಗ. ಎರಡಕ್ಕೂ ಪಾಟ್ ಹಾಕಿ ಬದಲಿಸುವಂತೆ ಮಾಡಿಕೊಳ್ಳಬಹುದು.

ಕೆಪಾಸಿಟರಿನ ವೋಲ್ಟೇಜನ್ನು ಬಫರ್ ಮಾಡಿ. ಅದರ ತಲೆಕೆಳಗಾದ ಪ್ರತಿಯನ್ನೂ ಮಾಡಿಕೊಳ್ಳಿ. ಪಾಸಿಟಿವ್ ಪ್ರತಿಯನ್ನು 47 ಕಿಲೋಓಮ್ ಮೂಲಕ ಬ್ರಿಡ್ಜಿನ ಮೇಲಿನ ಮೂಲೆಗೆ, ನೆಗೆಟಿವ್ ಪ್ರತಿಯನ್ನು ಇನ್ನೊಂದು 47 ಕಿಲೋಓಮ್ ಮೂಲಕ ಕೆಳಗಿನ ಮೂಲೆಗೆ ಕೊಡಿ. ಕಂಟ್ರೋಲ್ ವೋಲ್ಟೇಜ್ 1.4 ವೋಲ್ಟ್ ಇದ್ದಾಗ ಪ್ರತಿ ಡಯೋಡಿಗೂ ಸುಮಾರು 10 ಮೈಕ್ರೋಆಂಪಿಯರ್ ಹೋಗುತ್ತದೆ, 10 ವೋಲ್ಟ್ ಇದ್ದಾಗ ಸುಮಾರು 100. ಆರಂಭದ ಕೆಲವು ನೂರು ಮಿಲಿವೋಲ್ಟ್‌ಗಳಲ್ಲಿ ಡಯೋಡ್‌ಗಳು ಹೆಚ್ಚುಕಡಿಮೆ ಮುಚ್ಚಿಯೇ ಇರುವುದರಿಂದ ಏನೂ ಆಗುವುದಿಲ್ಲ. ಪುಕ್ಕಟೆಯಾಗಿ ಸಿಕ್ಕ ಥ್ರೆಶೋಲ್ಡ್ ಅದು, ಅಂದ್ರೆ ಕಂಪ್ರೆಷನ್ ಶುರುವಾಗುವ ಮಟ್ಟ. ಆ ಅಂಚು ಮೆತ್ತಗಿರುವುದರಿಂದ ಕಂಪ್ರೆಷನ್ ಶುರುವಾಗುವುದೂ ಮೆತ್ತಗೆ.

ಆ ರೆಸಿಸ್ಟರ್‌ಗಳನ್ನು ಬಿಟ್ಟು ವೋಲ್ಟೇಜನ್ನು ನೇರವಾಗಿ ಬ್ರಿಡ್ಜಿಗೆ ಕೊಡುವ ಆಸೆ ಬರಬಹುದು, ಕೊಡಬೇಡಿ. ಡಯೋಡಿನ ವೋಲ್ಟೇಜ್ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ವೋಲ್ಟೇಜ್ ಸ್ಥಿರವಾಗಿಟ್ಟರೆ 10 ಡಿಗ್ರಿ ಬಿಸಿಯಾದಾಗ ಕರೆಂಟ್ ಒಂದೂವರೆ ಪಟ್ಟಾಗಿ ಗೇನ್ 3ರಿಂದ 4 ಡಿಬಿ ಜಾರುತ್ತದೆ. ಕರೆಂಟ್ ಸ್ಥಿರವಾಗಿಟ್ಟರೆ ಅದೇ 10 ಡಿಗ್ರಿಗೆ ಬದಲಾವಣೆ ಬರೀ 0.3 ಡಿಬಿ. ಎರಡು 47 ಕಿಲೋಓಮ್ ರೆಸಿಸ್ಟರ್‌ಗಳು ಇಷ್ಟು ದೊಡ್ಡ ಸಮಸ್ಯೆ ಕಳೆಯುತ್ತವೆ.

ಪವರ್ ಸಪ್ಲೈ ವಿಷಯದಲ್ಲಿ ಸಾಹಸ ಬೇಡ. ಮೊದಲ ಸಲ ಎರಡು 9 ವೋಲ್ಟ್ ಬ್ಯಾಟರಿ ಸಾಕು. ನಂತರ ತಯಾರಾಗಿ ಬರುವ ±15 ವೋಲ್ಟ್ ಸಪ್ಲೈ ಬಳಸಿ.

ಡಯೋಡ್ ಆರಿಸುವುದು

ನಾಲ್ಕು ಡಯೋಡ್‌ಗಳನ್ನು ಪೊಟ್ಟಣದಿಂದ ಕೈಗೆ ಬಂದಂತೆ ತೆಗೆದು ಬೆಸುಗೆ ಹಾಕಿದರೆ ಬ್ರಿಡ್ಜ್ ಸಮವಾಗಿರುವುದಿಲ್ಲ. ಎಡ ಬಲದ ನಡುವೆ 1 ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಔಟ್‌ಪುಟ್ಟಿನಲ್ಲಿ ಅದು 50 ಮಿಲಿವೋಲ್ಟ್ ತನಕ ಆಗುತ್ತದೆ. ಹಾಗಾಗಿ ಒಂದಷ್ಟು ಡಯೋಡ್‌ಗಳನ್ನು ಅಳೆದು ಜೋಡಿ ಹುಡುಕಬೇಕು.

ಮಲ್ಟಿಮೀಟರಿನ ಡಯೋಡ್ ಟೆಸ್ಟ್ ಸಾಮಾನ್ಯವಾಗಿ 1 ಮಿಲಿಆಂಪಿಯರ್ ಆಸುಪಾಸಿನ ಕರೆಂಟ್ ಹರಿಸುತ್ತದೆ. ನಮ್ಮ ಡಯೋಡ್‌ಗಳು ಕೆಲಸ ಮಾಡುವುದು ಅದರ ನೂರರಲ್ಲೊಂದು ಪಾಲಿನಲ್ಲಿ. ಅದಕ್ಕೇ 9 ವೋಲ್ಟ್ ಬ್ಯಾಟರಿಗೆ 820 ಕಿಲೋಓಮ್ ರೆಸಿಸ್ಟರ್ ಸೇರಿಸಿ, ಅದರ ಮೂಲಕ ಡಯೋಡಿಗೆ ಸುಮಾರು 10 ಮೈಕ್ರೋಆಂಪಿಯರ್ ಕೊಟ್ಟು, ಡಯೋಡಿನ ಮೇಲಿನ ವೋಲ್ಟೇಜ್ ಓದಿ. ಮೀಟರಿನ ಇನ್‌ಪುಟ್ 10 ಮೆಗಾಓಮ್ ಇದ್ದರೆ ಅದು ಕದಿಯುವ ಕರೆಂಟ್ ಲೆಕ್ಕಕ್ಕೆ ಬರುವುದಿಲ್ಲ.

ಡಯೋಡನ್ನು ಬೆರಳಲ್ಲಿ ಹಿಡಿದು ಬ್ರೆಡ್‌ಬೋರ್ಡಿಗೆ ಚುಚ್ಚಿದ ಕೂಡಲೇ ಮೀಟರ್ ನೋಡಿ. ಸಂಖ್ಯೆ ನಿಲ್ಲುವುದಿಲ್ಲ, ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಬೆರಳಿನ ಬಿಸಿ ಆರುತ್ತಿರುವುದು ಅದು. ಡಿಗ್ರಿಗೆ 2 ಮಿಲಿವೋಲ್ಟ್ ಅನ್ನುವ ಮಾತು ಕಣ್ಣೆದುರೇ ಕಾಣುತ್ತದೆ. ಹತ್ತಿರ ಬಾಗಿ ಉಸಿರು ಬಿಟ್ಟರೂ ಕೊನೆಯ ಅಂಕಿ ಅಲುಗುತ್ತದೆ. ಹಾಗಾಗಿ ಇಕ್ಕಳದಲ್ಲಿ ಹಿಡಿಯಿರಿ, ಚುಚ್ಚಿದ ಮೇಲೆ ಒಂದು ನಿಮಿಷ ಬಿಡಿ, ಆಮೇಲೆ ಬರೆದುಕೊಳ್ಳಿ.

ಒಂದು ಸಮಾಧಾನದ ವಿಷಯ: ನಾಲ್ಕೂ ಒಂದೇ ಥರ ಇರಬೇಕಿಲ್ಲ. ಮೇಲಿನ ಎರಡು ಒಂದಕ್ಕೊಂದು ಹೊಂದಬೇಕು, ಕೆಳಗಿನ ಎರಡು ಒಂದಕ್ಕೊಂದು ಹೊಂದಬೇಕು. ಮೇಲಿನ ಜೋಡಿಗೂ ಕೆಳಗಿನ ಜೋಡಿಗೂ ವ್ಯತ್ಯಾಸವಿದ್ದರೆ ಎರಡೂ ಮೂಲೆಗಳು ಒಟ್ಟಿಗೇ ಸರಿಯುತ್ತವೆ, ಕೇಳಿಸುವುದಿಲ್ಲ. ನಾಲ್ಕು ಹುಡುಕುವುದಕ್ಕಿಂತ ಎರಡು ಜೋಡಿ ಹುಡುಕುವುದು ಎಷ್ಟೋ ಸುಲಭ. ಉಳಿದ ಅಸಮತೋಲನಕ್ಕೆ ಮೇಲಿನ ಮೂಲೆಯಲ್ಲಿ 50 ಓಮ್ ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಸಣ್ಣ ಪಾಟ್) ಹಾಕಿ, ಅದರ ನಡುವಿನ ಕಾಲಿಗೆ ಕಂಟ್ರೋಲ್ ಕರೆಂಟ್ ಕೊಡಿ. ಜೋಡಿಗಳನ್ನು ಒಂದಕ್ಕೊಂದು ಅಂಟಿಕೊಂಡಂತೆ ಬೆಸುಗೆ ಹಾಕಿ, ಎರಡೂ ಒಂದೇ ಬಿಸಿಯಲ್ಲಿರಲಿ.

ಜರ್ಮೇನಿಯಂ ಡಯೋಡ್ ಹಾಕಿದರೆ ದನಿ ಚೆನ್ನಾಗಿರುತ್ತದೆ ಅಂತ ಕೇಳಿರುತ್ತೀರಿ. ಅವುಗಳಲ್ಲಿ ಸೋರಿಕೆ ಕರೆಂಟ್ ಜಾಸ್ತಿ, ಬಿಸಿಗೆ ಅದು ಇನ್ನೂ ಏರುತ್ತದೆ, ಜೋಡಿ ಹೊಂದಿಸುವುದು ಕಷ್ಟ. ಶಾಟ್ಕಿ ಡಯೋಡ್ ಕೂಡ ಬೇಡ. ಅದು ಆದರ್ಶ ಡಯೋಡಿಗೆ ಹತ್ತಿರ, ನಮ್ಮ 47 ಮಿಲಿವೋಲ್ಟ್ ಅಲ್ಲಿ 27ರಷ್ಟಕ್ಕೆ ಇಳಿಯುತ್ತದೆ. ಅದೇ ಸಿಗ್ನಲ್ಲಿಗೆ ಡಿಸ್ಟಾರ್ಷನ್ ಮೂರು ಪಟ್ಟು. 1ಎನ್4148 ಆದರ್ಶವಲ್ಲದ್ದೇ ಇಲ್ಲಿ ನಮಗೆ ವರ.

ಪರೀಕ್ಷೆ

ಆಸಿಲ್ಲೋಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಕಂಪ್ಯೂಟರ್, ಲೈನ್ ಇನ್‌ಪುಟ್ ಇರುವ ಸೌಂಡ್ ಕಾರ್ಡ್, ಟೋನ್ ಹುಟ್ಟಿಸಲು ಆಡಾಸಿಟಿ, ಹಾರ್ಮೋನಿಕ್ ನೋಡಲು ಆರ್‌ಇಡಬ್ಲ್ಯೂ ಅನ್ನುವ ಸಾಫ್ಟ್‌ವೇರ್‌ಗಳು ಸಾಕು. ಮೊದಲು ಸೌಂಡ್ ಕಾರ್ಡಿನ ಔಟ್‌ಪುಟ್ಟನ್ನು ಅದರದ್ದೇ ಇನ್‌ಪುಟ್ಟಿಗೆ ನೇರ ಸೇರಿಸಿ ಅಳೆಯಿರಿ. ಕಾರ್ಡಿನ ಸ್ವಂತ ನಾಯ್ಸ್, ಡಿಸ್ಟಾರ್ಷನ್ ಎಷ್ಟು ಅಂತ ಗೊತ್ತಿಲ್ಲದೆ ಕಂಪ್ರೆಸರನ್ನು ದೂರುವುದು ಸರಿಯಲ್ಲ.

ಸೈಡ್‌ಚೈನ್ ಕಳಚಿ, ಬ್ರಿಡ್ಜಿಗೆ ಕೈಯಾರೆ ಕರೆಂಟ್ ಕೊಡುವುದರಿಂದ ಶುರು ಮಾಡಿ. ಒಂದು ಪಾಟ್‌ನಿಂದ ಕಂಟ್ರೋಲ್ ವೋಲ್ಟೇಜ್ ಕೊಟ್ಟು 1 ಕಿಲೋಹರ್ಟ್ಸ್ ಸೈನ್ ಸಿಗ್ನಲ್ ಎಷ್ಟು ಇಳಿಯುತ್ತದೆ ನೋಡಿ. 47 ಕಿಲೋಓಮ್ ಮೇಲಿನ ವೋಲ್ಟೇಜ್ ಅಳೆದರೆ ಕರೆಂಟ್ ಗೊತ್ತಾಗುತ್ತದೆ, ಅದರ ಅರ್ಧ ಪ್ರತಿ ಡಯೋಡಿನದ್ದು. 3, 14, 33 ಡಿಬಿ ಅನ್ನುವ ನಮ್ಮ ಲೆಕ್ಕಕ್ಕೆ ಒಂದೆರಡು ಡಿಬಿ ಹತ್ತಿರ ಬಂದರೆ ಬ್ರಿಡ್ಜ್ ಸರಿಯಿದೆ. ಈ ಹಂತ ಬಿಟ್ಟು ಇಡೀ ಲೂಪನ್ನು ಒಮ್ಮೆಲೇ ಚಾಲೂ ಮಾಡಿದರೆ, ಏನಾದರೂ ಕೆಟ್ಟಾಗ ತಪ್ಪು ಬ್ರಿಡ್ಜಿನಲ್ಲಿದೆಯೋ ಸೈಡ್‌ಚೈನಿನಲ್ಲಿದೆಯೋ ತಿಳಿಯುವುದೇ ಇಲ್ಲ. ಸುತ್ತು ಹಾಕುವ ಸರ್ಕ್ಯೂಟಿನಲ್ಲಿ ಎಲ್ಲವೂ ಎಲ್ಲದಕ್ಕೂ ಕಾರಣ.

ನಂತರ ಸಮತೋಲನ. ಇನ್‌ಪುಟ್ ಶಾರ್ಟ್ ಮಾಡಿ, ಕಂಟ್ರೋಲ್ ಕಡೆಗೆ ಸೆಕೆಂಡಿಗೆ ಎರಡು ಸಲ ಏರಿಳಿಯುವ ಸ್ಕ್ವೇರ್ ವೇವ್ ಕೊಡಿ. ಔಟ್‌ಪುಟ್ಟಿನಲ್ಲಿ ದಬ್ ದಬ್ ಕೇಳಿಸುತ್ತದೆ. ಅದು ಕನಿಷ್ಠವಾಗುವ ತನಕ 50 ಓಮ್ ಪ್ರಿಸೆಟ್ ತಿರುಗಿಸಿ. ಪೂರ್ತಿ ಸೊನ್ನೆ ಆಗುವುದಿಲ್ಲ. ಡಯೋಡ್‌ಗಳ ವ್ಯತ್ಯಾಸ ಕರೆಂಟ್ ಏರಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಪ್ರಿಸೆಟ್ ಮೇಲಿನ ವೋಲ್ಟೇಜ್ ಮಾತ್ರ ಕರೆಂಟ್ ಜೊತೆ ಏರುತ್ತದೆ. ಒಂದು ಕರೆಂಟಿನಲ್ಲಿ ಹೊಂದಿಸಿದರೆ ಇನ್ನೊಂದರಲ್ಲಿ ಸ್ವಲ್ಪ ಉಳಿಯುತ್ತದೆ. ನೀವು ಹೆಚ್ಚಾಗಿ ಬಳಸುವ ಇಳಿತ 6ರಿಂದ 10 ಡಿಬಿ ಆಗಿದ್ದರೆ ಅಲ್ಲೇ ಹೊಂದಿಸಿ.

ಈಗ 1 ಕಿಲೋಹರ್ಟ್ಸ್ ಕೊಟ್ಟು ಹಾರ್ಮೋನಿಕ್ ನೋಡಿ. 2 ಕಿಲೋಹರ್ಟ್ಸಿನಲ್ಲಿ ಎತ್ತರದ ಗೆರೆ ಕಂಡರೆ ಎಡ ಬಲ ಸಮವಿಲ್ಲ ಅಂತ ಅರ್ಥ. 3 ಕಿಲೋಹರ್ಟ್ಸಿನಲ್ಲಿ ಕಂಡರೆ ಅದು ಡಯೋಡಿನ ಸಹಜ ವಕ್ರತೆ. ಇನ್‌ಪುಟ್ಟನ್ನು 6 ಡಿಬಿ ಇಳಿಸಿ, ಕಂಟ್ರೋಲ್ ಕರೆಂಟ್ ಹಾಗೇ ಇಟ್ಟರೆ ಮೂರನೇ ಹಾರ್ಮೋನಿಕ್ಕಿನ ಪರ್ಸೆಂಟ್ ನಾಲ್ಕರಲ್ಲೊಂದು ಪಾಲಾಗಬೇಕು. ಆಗಲಿಲ್ಲ ಅಂದ್ರೆ ಡಿಸ್ಟಾರ್ಷನ್ ಬರುತ್ತಿರುವುದು ಡಯೋಡಿನಿಂದಲ್ಲ, ಎಲ್ಲೋ ಆಪ್‌ಆಂಪ್ ಕ್ಲಿಪ್ ಆಗುತ್ತಿರಬಹುದು, ಅಂದ್ರೆ ಅಲೆಯ ತುದಿ ಕತ್ತರಿಸಿಹೋಗುತ್ತಿರಬಹುದು.

ಸೈಡ್‌ಚೈನ್ ಸೇರಿಸಿ ಅದೇ ಪರೀಕ್ಷೆಯನ್ನು 50 ಹರ್ಟ್ಸಿನಲ್ಲಿ ಮಾಡಿ. 150 ಹರ್ಟ್ಸಿನ ಗೆರೆ ಮೊದಲಿನ ಮೂರನೇ ಹಾರ್ಮೋನಿಕ್ಕಿಗಿಂತ ತುಂಬಾ ಎತ್ತರ ಇದ್ದರೆ ಆಶ್ಚರ್ಯಪಡಬೇಡಿ. ಫುಲ್ ವೇವ್ ರೆಕ್ಟಿಫೈಯರಿನಿಂದ ಬರುವ 100 ಹರ್ಟ್ಸ್ ಅಲೆಯನ್ನು ಕೆಪಾಸಿಟರ್ ಪೂರ್ತಿ ಅಳಿಸಿಲ್ಲ. ಗೇನ್ ಸೆಕೆಂಡಿಗೆ 100 ಸಲ ಅಲುಗುತ್ತಿದೆ, 50 ಹರ್ಟ್ಸಿನ ಜೊತೆ ಸೇರಿ 150 ಹುಟ್ಟುತ್ತಿದೆ. ಇದಕ್ಕೂ ಡಯೋಡಿಗೂ ಸಂಬಂಧವಿಲ್ಲ. ರಿಲೀಸ್ ನಿಧಾನ ಮಾಡಿದರೆ ಕಡಿಮೆಯಾಗುತ್ತದೆ. ಬೇಸ್ ಗಿಟಾರಿಗೆ ವೇಗದ ರಿಲೀಸ್ ಇಟ್ಟಾಗ ದನಿ ಒರಟಾಗುವುದು ಇದೇ ಕಾರಣಕ್ಕೆ.

ಆಮೇಲೆ ಕಂಪ್ರೆಷನ್ ಗ್ರಾಫ್. ಇನ್‌ಪುಟ್ಟನ್ನು −40 ಡಿಬಿಯುನಿಂದ 2 ಡಿಬಿ ಹೆಜ್ಜೆಯಲ್ಲಿ ಏರಿಸುತ್ತಾ ಔಟ್‌ಪುಟ್ ಬರೆದುಕೊಳ್ಳಿ. ಕೆಳಗೆ ಇನ್‌ಪುಟ್ 10 ಡಿಬಿ ಏರಿದರೆ ಔಟ್‌ಪುಟ್ಟೂ 10 ಏರುತ್ತದೆ. ಮೇಲೆ ಹೋದಂತೆ ಗೆರೆ ಬಾಗುತ್ತದೆ. ಔಟ್‌ಪುಟ್ 5 ಮಾತ್ರ ಏರಿದರೆ ರೇಶಿಯೋ 2:1. ನಮ್ಮ ಜೋಡಣೆಯಲ್ಲಿ ಕರೆಂಟ್ ಔಟ್‌ಪುಟ್ಟಿಗೆ ತಕ್ಕ ಹಾಗೆ ಏರುತ್ತದೆ, ಡಯೋಡ್ ರೆಸಿಸ್ಟೆನ್ಸ್ ಕರೆಂಟಿಗೆ ತಕ್ಕ ಹಾಗೆ ಇಳಿಯುತ್ತದೆ. ಥ್ರೆಶೋಲ್ಡಿನಿಂದ ತುಂಬಾ ಮೇಲೆ ಹೋದಾಗ ಇದರ ಫಲ ಸಹಜವಾಗಿ 2:1ರ ಕಡೆ ಬರುತ್ತದೆ. ಇನ್ನೂ ಗಟ್ಟಿ ಹಿಡಿತ ಬೇಕಾದರೆ ರೆಕ್ಟಿಫೈಯರಿನ ನಂತರ ಒಂದು ಸ್ಥಿರ ವೋಲ್ಟೇಜ್ ಕಳೆದು, ಉಳಿದದ್ದನ್ನು ಹೆಚ್ಚು ಗೇನಿನಲ್ಲಿ ಏರಿಸಿ.

ಅಟ್ಯಾಕ್, ರಿಲೀಸ್ ನೋಡಲು 1 ಕಿಲೋಹರ್ಟ್ಸ್ ಟೋನ್ ಒಂದು ಸೆಕೆಂಡ್ ಮೆತ್ತಗೆ, ಒಂದು ಸೆಕೆಂಡ್ 20 ಡಿಬಿ ಜೋರಾಗಿ, ಮತ್ತೆ ಮೆತ್ತಗೆ ಇರುವ ಫೈಲ್ ಮಾಡಿ. ಕಂಪ್ರೆಸರ್ ಮೂಲಕ ಹಾಯಿಸಿ ರೆಕಾರ್ಡ್ ಮಾಡಿ, ಅಲೆಯ ಆಕಾರ ಹಿಗ್ಗಿಸಿ ನೋಡಿ. ಜೋರಾದ ಭಾಗದ ಶುರುವಿನಲ್ಲಿ ಒಂದು ಮೊನೆ ಕಾಣುತ್ತದೆ, ನಂತರ ಥಟ್ಟನೆ ಕುಗ್ಗುತ್ತದೆ. ಅದು ಕುಗ್ಗುವುದು ನೀವು ಲೆಕ್ಕ ಹಾಕಿದ 4.7 ಮಿಲಿಸೆಕೆಂಡಿಗಿಂತ ಬೇಗ. ಮೊದಲ ಕ್ಷಣದಲ್ಲಿ ಔಟ್‌ಪುಟ್ ವಿಪರೀತ ದೊಡ್ಡದಿರುವುದರಿಂದ ಕೆಪಾಸಿಟರಿಗೆ ಸಿಗುವ ತಳ್ಳುವಿಕೆಯೂ ದೊಡ್ಡದು. ರಿಲೀಸ್ ಕಡೆ, ಆಳವಾದ ಕಂಪ್ರೆಷನ್‌ನಿಂದ ಹೊರಬರುವಾಗ ಪ್ರತಿ 220 ಮಿಲಿಸೆಕೆಂಡಿಗೆ ಸುಮಾರು 9 ಡಿಬಿಯಂತೆ ಗೇನ್ ಮರಳುತ್ತದೆ.

ಇನ್ನೊಂದು ವಿಚಿತ್ರ ಕಾಣಬಹುದು. ಬೋರ್ಡ್ ತೆರೆದಿಟ್ಟು ಅಳೆಯುವಾಗ ಟೇಬಲ್ ದೀಪ ಹಚ್ಚಿದರೆ ಸಣ್ಣಗೆ ಗುಂಯ್ ಅನ್ನುವ ಹಮ್. 1ಎನ್4148ರ ಮೈ ಗಾಜಿನದ್ದು, ಒಳಗಿನ ಸಿಲಿಕಾನಿಗೆ ಬೆಳಕು ಬಿದ್ದರೆ ಸಣ್ಣ ಕರೆಂಟ್ ಹುಟ್ಟುತ್ತದೆ. ಡಯೋಡ್‌ಗಳು ಮುಚ್ಚಿರುವಾಗ ಅಷ್ಟೂ ಸಾಕು ಕೇಳಿಸಲು. ಕಪ್ಪು ಹೀಟ್‌ಶ್ರಿಂಕ್ ಹಾಕಿ, ಅಥವಾ ಲೋಹದ ಡಬ್ಬಿ ಮುಚ್ಚಿದ ಮೇಲೆಯೇ ನಾಯ್ಸ್ ಅಳೆಯಿರಿ.

ಸಂಗೀತ ಹಾಯಿಸಿ ಕೇಳುವಾಗ ಕಂಪ್ರೆಸ್ ಆದ ಮತ್ತು ಆಗದ ದನಿಗಳನ್ನು ಒಂದೇ ಮಟ್ಟಕ್ಕೆ ತಂದುಕೊಂಡು ಹೋಲಿಸಿ. 1 ಡಿಬಿ ಜೋರಾಗಿದ್ದರೂ ಕಿವಿ ಅದನ್ನೇ ಚೆನ್ನ ಅನ್ನುತ್ತದೆ. ಡಿಸ್ಟಾರ್ಷನ್ ಇನ್ನೂ ಜಾಸ್ತಿ ಅನಿಸಿದರೆ ಬ್ರಿಡ್ಜಿನ ಪ್ರತಿ ತೋಳಿನಲ್ಲೂ ಒಂದರ ಬದಲು ಎರಡು ಡಯೋಡ್ ಸಾಲಾಗಿ ಹಾಕಿ. ಸಿಗ್ನಲ್ ಎರಡರಲ್ಲೂ ಹಂಚಿಹೋಗುವುದರಿಂದ ಮೂರನೇ ಹಾರ್ಮೋನಿಕ್ ಕಾಲು ಭಾಗಕ್ಕೆ ಬರುತ್ತದೆ, ನಾಯ್ಸ್ ಅಂತರಕ್ಕೆ ಹೆಚ್ಚೇನೂ ಪೆಟ್ಟಿಲ್ಲ. ಬದಲಿಗೆ ಅದೇ ಇಳಿತಕ್ಕೆ ಎರಡು ಪಟ್ಟು ಕಂಟ್ರೋಲ್ ಕರೆಂಟ್ ಬೇಕು, ಥ್ರೆಶೋಲ್ಡ್ ಮೇಲೆ ಸರಿಯುತ್ತದೆ, ಎಂಟು ಡಯೋಡ್‌ಗಳ ಜೋಡಿ ಹುಡುಕಬೇಕು. ಇಕ್ಕಳ, ಬ್ಯಾಟರಿ, 820 ಕಿಲೋಓಮ್ ಅಲ್ಲೇ ಇರಲಿ, ಸ್ಟೀರಿಯೋ ಮಾಡುವ ಮನಸ್ಸಾದರೆ ಹದಿನಾರು ಬೇಕಾಗುತ್ತವೆ.